ಮುಚ್ಚಿದ ಲ್ಯಾಪ್‌ಟಾಪಿನಲ್ಲಿ ಎಚ್ಚರವಾಗಿರುವ ಕೀಲಿ

ಕೆಲಸ ಮುಗಿಯಿತು, ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಹೊರಟೆವು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇಷ್ಟೇ. ನಾನೂ ವರ್ಷಗಟ್ಟಲೆ ಹೀಗೇ ಮಾಡುತ್ತಿದ್ದೆ. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಗುಪ್ತರೂಪದಲ್ಲಿದೆ, ಪಾಸ್‌ವರ್ಡ್ ಉದ್ದವಾಗಿದೆ. ಬಸ್ಸಿನಲ್ಲಿ ಯಾರಾದರೂ ಎಗರಿಸಿದರೂ ಅವರ ಕೈಗೆ ಬರುವುದು ಬರೀ ಯಂತ್ರ, ಒಳಗಿನ ಕಡತಗಳಲ್ಲ ಎಂಬ ಧೈರ್ಯ.

ಲ್ಯಾಪ್‌ಟಾಪ್ ಪೂರ್ತಿ ಆರಿದ್ದರೆ ಆ ಧೈರ್ಯ ಬಹುಮಟ್ಟಿಗೆ ಸರಿ. ಬರೀ ಮುಚ್ಚಿದ್ದರೆ ಅಲ್ಲ.

ಯಾಕೆ ಅಂತ ನೋಡೋಣ. ಎನ್‌ಕ್ರಿಪ್ಟ್ ಆದ ಡಿಸ್ಕಿನಿಂದ ಒಂದು ಫೋಟೋ ತೆರೆಯಬೇಕಾದರೂ ಅದನ್ನು ಬಿಡಿಸುವ ಕೀಲಿ ಕಂಪ್ಯೂಟರಿನ ಹತ್ತಿರ ಇರಲೇಬೇಕು. ಪ್ರತಿ ಸಲ ನಮ್ಮನ್ನು ಪಾಸ್‌ವರ್ಡ್ ಕೇಳುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ, ಸಾಮಾನ್ಯವಾಗಿ ಕೀಲಿ ರ‍್ಯಾಮ್‌ಗೆ (ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಗೆ) ಬಂದು ಕೂರುತ್ತದೆ. ಮುಚ್ಚಿದ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋದಾಗಲೂ ರ‍್ಯಾಮ್‌ಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಕೀಲಿ ಅಲ್ಲೇ ಇರುತ್ತದೆ. ಮನೆಗೆ ಭದ್ರವಾಗಿ ಬೀಗ ಜಡಿದು ಕೀಲಿಕೈಯನ್ನು ಬಾಗಿಲ ಚೌಕಟ್ಟಿನ ಮೇಲೆ ಇಟ್ಟ ಹಾಗೆ.

ಕರೆಂಟ್ ಹೋದರೆ ರ‍್ಯಾಮ್ ಎಲ್ಲವನ್ನೂ ಮರೆಯುತ್ತದೆ ಎಂದು ನಾವು ಶಾಲೆಯಲ್ಲೇ ಓದಿದ್ದೇವೆ ಅಲ್ವಾ? ಮರೆಯುವುದು ನಿಜ. ಆದರೆ ತಕ್ಷಣ ಅಲ್ಲ.

ರ‍್ಯಾಮ್‌ನ ಒಂದೊಂದು ಬಿಟ್ (ಮಾಹಿತಿಯ ಅತಿ ಚಿಕ್ಕ ತುಣುಕು) ಕೂಡ ವಿದ್ಯುತ್ ತುಂಬಿಕೊಳ್ಳುವ ಒಂದು ಪುಟ್ಟ ಕೊಡ. ತುಂಬಿದ್ದರೆ ಒಂದು ಅರ್ಥ, ಬರಿದಾಗಿದ್ದರೆ ಇನ್ನೊಂದು. 8 ಜಿಬಿ ರ‍್ಯಾಮ್‌ನಲ್ಲಿ ಇಂಥವು ಸುಮಾರು 6,900 ಕೋಟಿ ಇರುತ್ತವೆ. ಎಲ್ಲವೂ ಸೋರುವ ಕೊಡಗಳೇ. ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೆ ಒಂದು ಸಲ ಪ್ರತಿಯೊಂದನ್ನೂ ಓದಿ ಮತ್ತೆ ತುಂಬಿಸಬೇಕು. ಈ ಗಡುವು ಇಟ್ಟಿರುವುದು ಅತಿ ಬೇಗ ಸೋರುವ ಕೊಡವನ್ನು ಲೆಕ್ಕಕ್ಕೆ ಹಿಡಿದು. ಉಳಿದವು ಅಷ್ಟು ಬೇಗ ಬರಿದಾಗುವುದಿಲ್ಲ. ತುಂಬಿಸುವುದು ನಿಂತ ಮೇಲೂ ಎಷ್ಟೋ ಹೊತ್ತು ತಡೆಯುತ್ತವೆ.

ಎಷ್ಟು ಹೊತ್ತು? 2008ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್ಮನ್, ಎಡ್ವರ್ಡ್ ಫೆಲ್ಟನ್ ಮತ್ತು ಅವರ ಜೊತೆಗಾರರು ಇದನ್ನು ಅಳೆದು ತೋರಿಸಿದರು. ಅವರು ನೋಡಿದ ಯಂತ್ರಗಳಲ್ಲಿ ಮಾಮೂಲಿ ಬಿಸಿಯಲ್ಲೇ ನೆನಪು ಪೂರ್ತಿ ಅಳಿಯಲು ಸುಮಾರು 2.5 ಸೆಕೆಂಡಿನಿಂದ 35 ಸೆಕೆಂಡಿನವರೆಗೆ ಬೇಕಾಯಿತು. ಅವರು ಮೋನಾ ಲಿಸಾ ಚಿತ್ರವನ್ನು ಮೆಮೊರಿಗೆ ತುಂಬಿ, ಕರೆಂಟ್ ತೆಗೆದು, ಮತ್ತೆ ಓದಿ ನೋಡಿದರು. ಐದು ಸೆಕೆಂಡಾದ ಮೇಲೂ ಚಿತ್ರ ಹೆಚ್ಚುಕಡಿಮೆ ಹಾಗೇ ಇತ್ತು. ಹೊತ್ತು ಕಳೆದ ಹಾಗೆ ಅಡ್ಡ ಪಟ್ಟಿಗಳು ಮೂಡಿ ಮುಖವನ್ನು ನುಂಗುತ್ತಾ ಹೋದವು. ಮರೆವು ಹೇಗೆ ಬರುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಕಣ್ಣಿಗೆ ಕಟ್ಟಿಸಿದ ಪ್ರಯೋಗ ಕಂಪ್ಯೂಟರ್ ಲೋಕದಲ್ಲಿ ನಾನು ಇನ್ನೊಂದು ಕಂಡಿಲ್ಲ.

ಮುಂದಿನ ಹೆಜ್ಜೆ ಇನ್ನೂ ಸೊಗಸು. ಕೀಬೋರ್ಡಿನ ದೂಳು ಊದಲು ಅಂಗಡಿಯಲ್ಲಿ ಸ್ಪ್ರೇ ಡಬ್ಬಿ ಸಿಗುತ್ತದಲ್ಲ, ಅದನ್ನು ತಲೆಕೆಳಗಾಗಿ ಹಿಡಿದು ಒತ್ತಿದರೆ ಗಾಳಿಯ ಬದಲು ದ್ರವವೇ ಹೊರಗೆ ಚಿಮ್ಮುತ್ತದೆ. ಅದು ಆರುವಾಗ ಸುತ್ತಲಿನ ಬಿಸಿಯನ್ನೆಲ್ಲ ಹೀರುತ್ತದೆ. ರ‍್ಯಾಮ್ ಚಿಪ್ಪುಗಳ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತದೆ, ಉಷ್ಣತೆ ಮೈನಸ್ 50 ಡಿಗ್ರಿಗೆ ಇಳಿಯುತ್ತದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಬಾಟಲಿ ಬಗ್ಗಿಸಿದರೂ ಇಳಿಯುವುದಿಲ್ಲವಲ್ಲ, ಸುಮಾರು ಹಾಗೆಯೇ ಆ ಪುಟ್ಟ ಕೊಡಗಳ ಸೋರಿಕೆಯೂ ನಿಧಾನವಾಗುತ್ತದೆ. ಹೀಗೆ ತಣ್ಣಗಾದ ರ‍್ಯಾಮ್ ಅನ್ನು ಕಳಚಿ ಹತ್ತು ನಿಮಿಷ ಹೊರಗಿಟ್ಟರೂ ಕೆಟ್ಟ ಬಿಟ್‌ಗಳು ಶೇ. 1ಕ್ಕಿಂತ ಕಮ್ಮಿ. ದ್ರವ ಸಾರಜನಕದಲ್ಲಿ ಅದ್ದಿದಾಗ ಒಂದು ಗಂಟೆಯ ಮೇಲೂ ಹಾಳಾದದ್ದು ಶೇ. 0.17 ಮಾತ್ರ. ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ ಎಲ್ಲವನ್ನೂ ನಕಲು ಮಾಡಿಕೊಳ್ಳಲು ಬೇಕಾದಷ್ಟು ಸಮಯ ಸಿಕ್ಕಿತು.

ಒಂದೆರಡು ಬಿಟ್ ತಪ್ಪಾದರೂ ಕೀಲಿ ಕೆಲಸಕ್ಕೆ ಬಾರದು ಅನ್ನಬಹುದು. ಇಲ್ಲೇ ಇರುವುದು ಗುಟ್ಟು. ಎಇಎಸ್ ಎಂಬ ಜನಪ್ರಿಯ ಎನ್‌ಕ್ರಿಪ್ಷನ್ ವಿಧಾನದಲ್ಲಿ 16 ಬೈಟ್‌ನ ಕೀಲಿಯಿಂದ ಒಂದರ ಹಿಂದೆ ಒಂದರಂತೆ ಹತ್ತು ಉಪಕೀಲಿಗಳನ್ನು ಕಟ್ಟುತ್ತಾರೆ. ವೇಗಕ್ಕೆಂದು ಇಡೀ 176 ಬೈಟ್‌ಗಳನ್ನೂ ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತಾರೆ. ಏಳರ ಮಗ್ಗಿಯಲ್ಲಿ ಒಂದು ಅಂಕಿ ಅಳಿಸಿಹೋಗಿದೆ ಅನ್ನಿ: 7, 14, ಮಸಿ, 28. ಆ ಮಸಿಯ ಜಾಗದಲ್ಲಿ ಏನಿತ್ತೆಂದು ಮಕ್ಕಳೂ ಹೇಳುತ್ತಾರೆ. ಉಪಕೀಲಿಗಳಿಂದ ಮೂಲ ಕೀಲಿಯನ್ನು ಸರಿಪಡಿಸಿದ್ದು ಈ ತರ್ಕದಿಂದಲೇ. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ತಂತ್ರಾಂಶಗಳಾದ ಬಿಟ್‌ಲಾಕರ್, ಫೈಲ್‌ವಾಲ್ಟ್, ಟ್ರೂಕ್ರಿಪ್ಟ್, ಲಿನಕ್ಸಿನ ಡಿಎಂ-ಕ್ರಿಪ್ಟ್, ಎಲ್ಲದರ ಕೀಲಿಯೂ ಅವರಿಗೆ ಸಿಕ್ಕಿತು. ಗಣಿತ ಎಲ್ಲೂ ಸೋತಿರಲಿಲ್ಲ. ಸೋತದ್ದು ಕೀಲಿ ಇಟ್ಟ ಜಾಗ.

ಹಾಗಾದರೆ ಕೀಲಿಯನ್ನು ರ‍್ಯಾಮ್‌ಗೆ ಬರಲೇ ಬಿಡಬಾರದು. 2011ರಲ್ಲಿ ಜರ್ಮನಿಯ ಎರ್ಲಾಂಗೆನ್-ನ್ಯೂರೆಂಬರ್ಗ್ ವಿಶ್ವವಿದ್ಯಾಲಯದ ಟಿಲೊ ಮ್ಯೂಲರ್ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ. ಪ್ರೊಸೆಸರಿನೊಳಗೆ ಪ್ರೋಗ್ರಾಮಿನ ತಪ್ಪು ಹುಡುಕುವವರಿಗಾಗಿ ರಿಜಿಸ್ಟರ್ ಎಂಬ ಕೆಲವು ಪುಟ್ಟ ನೆನಪಿನ ಗೂಡುಗಳಿವೆ. ಬೇರೆಯವರು ಅವನ್ನು ಮುಟ್ಟುವುದೇ ಅಪರೂಪ. ಕೀಲಿಯನ್ನು ಅಲ್ಲಿ ಬಚ್ಚಿಟ್ಟರು. ಆ ವ್ಯವಸ್ಥೆಯ ಹೆಸರು ಟ್ರೆಸರ್. ಬಲು ಜಾಣ ಉಪಾಯ. ಆದರೆ ಮರುವರ್ಷವೇ ಬೇರೆ ಸಂಶೋಧಕರು ಫೈರ್‌ವೈರ್‌ನಂಥ ಪೋರ್ಟಿನಿಂದ ನೇರವಾಗಿ ಮೆಮೊರಿಗೆ ತಮ್ಮ ಕೋಡ್ ತುರುಕಿ, ಆ ಕೀಲಿಯನ್ನೂ ಹೊರಗೆ ತೆಗೆಸಬಹುದೆಂದು ತೋರಿಸಿದರು.

ಕಂಪ್ಯೂಟರ್ ಕಂಪನಿಗಳು ಬೇರೆ ದಾರಿ ಹಿಡಿದವು. ಮತ್ತೆ ಶುರುವಾಗುವಾಗ ಹಳೆಯ ಮೆಮೊರಿಯನ್ನು ಅಳಿಸು ಎಂದು ಯಂತ್ರಕ್ಕೆ ಒಂದು ಗುರುತು ಬರೆದಿಡುವ ದಾರಿ ಅದು. 2018ರಲ್ಲಿ ಎಫ್-ಸೆಕ್ಯೂರ್ ಎಂಬ ಸೈಬರ್ ಭದ್ರತಾ ಕಂಪನಿಯ ಓಲ್ಲೆ ಸೆಗರ್ಡಾಲ್ ಮತ್ತು ಪಾಸಿ ಸಾರಿನೆನ್ ಆ ಗುರುತನ್ನೇ ತಿದ್ದಿಬಿಟ್ಟರು. ಅಳಿಸುವ ಕೆಲಸ ನಡೆಯಲೇ ಇಲ್ಲ.

ನನಗೆ ಹೆಚ್ಚು ನಂಬಿಕೆ ಇರುವುದು ಈಚೆಗೆ ಬಂದ ಉಪಾಯದ ಮೇಲೆ: ರ‍್ಯಾಮ್‌ಗೆ ಹೋಗುವುದನ್ನೆಲ್ಲ ಎನ್‌ಕ್ರಿಪ್ಟ್ ಮಾಡುವುದು. ಎಎಂಡಿ, ಇಂಟೆಲ್ ಎರಡೂ ತಮ್ಮ ಕೆಲವು ಪ್ರೊಸೆಸರ್‌ಗಳಲ್ಲಿ ಇದನ್ನು ಕೊಟ್ಟಿವೆ. ಅದರ ಕೀಲಿ ಪ್ರೊಸೆಸರಿನ ಒಳಗೇ ಹುಟ್ಟುತ್ತದೆ, ಯಂತ್ರ ಶುರುವಾದಾಗೆಲ್ಲ ಹೊಸದು. ರ‍್ಯಾಮ್ ಕಿತ್ತುಕೊಂಡು ಹೋದವರಿಗೆ ಸಿಗುವುದು ಬರೀ ಕಲಸುಮೇಲೋಗರ. ಇದು ಬೆಲೆಬಾಳುವ ಆಫೀಸ್ ಮಾದರಿಗಳಿಗಷ್ಟೇ ಸೀಮಿತವಾಗಬಾರದು. ವಿದ್ಯಾರ್ಥಿಯ ಲ್ಯಾಪ್‌ಟಾಪಿಗೂ ಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಸರಳ. ಲ್ಯಾಪ್‌ಟಾಪ್ ಬಿಟ್ಟು ಎಲ್ಲಾದರೂ ಹೋಗುವಾಗ ಸುಮ್ನೆ ಮುಚ್ಚಬೇಡಿ. ಶಟ್‌ಡೌನ್ ಮಾಡಿ, ಇಲ್ಲವೇ ಹೈಬರ್ನೇಟ್‌ಗೆ ಹಾಕಿ. ಹೈಬರ್ನೇಟ್‌ನಲ್ಲಿ ಮೆಮೊರಿ ಡಿಸ್ಕಿಗೆ ಹೋಗುತ್ತದೆ, ಆ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಇದ್ದರೆ, ಶುರುವಿನಲ್ಲೇ ಪಿನ್ ಕೇಳುವಂತೆ ಮಾಡಿಕೊಳ್ಳಿ. ಪಿನ್ ಇಲ್ಲದಿದ್ದರೆ ಯಾರು ಬಟನ್ ಒತ್ತಿದರೂ ಯಂತ್ರ ತಾನಾಗಿಯೇ ಕೀಲಿಯನ್ನು ರ‍್ಯಾಮ್‌ಗೆ ತಂದಿಡುತ್ತದೆ. ಆಗ ಪೂರ್ತಿ ಆರಿಸಿಟ್ಟದ್ದೂ ವ್ಯರ್ಥ. ಮತ್ತೆ, ಆರಿಸಿದ ಮೇಲೆ ಒಂದೆರಡು ನಿಮಿಷ ಲ್ಯಾಪ್‌ಟಾಪನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಆ ಕೊಡಗಳು ಅಷ್ಟರಲ್ಲಿ ಪೂರ್ತಿ ಸೋರಿ ಮುಗಿದಿರುತ್ತವೆ.