ಮುಸುರೆ ಕೈ ಅಂದರೆ ಕೊಳೆ ಕೈನಾ?

ಪ್ರಶ್ನೆ: ಮದುವೆಯಾಗಿ ಮೈಸೂರಿಗೆ ಬಂದು ಒಂದು ವರ್ಷ ಆಯಿತು. ಅನ್ನದ ಪಾತ್ರೆ ಮುಟ್ಟಿದ ಕೈಯಲ್ಲಿ ಮೊಸರು ಮುಟ್ಟಿದರೆ ಅತ್ತೆ ‘ಅಯ್ಯೋ, ಮುಸುರೆ ಕೈ’ ಅನ್ನುತ್ತಾರೆ. ಕೈಯಲ್ಲಿ ಕೊಳೆ ಏನೂ ಇರುವುದಿಲ್ಲ. ಇದು ಸ್ವಚ್ಛತೆನಾ, ಮಡಿನಾ, ಸುಮ್ನೆ ಹಠನಾ?

ಉತ್ತರ: ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹೊಸ ಸೊಸೆಯರು. ಅಳಿಯಂದಿರು ಯಾರೂ ಕೇಳಿದ್ದು ನೆನಪಿಲ್ಲ. ಅಡುಗೆಮನೆಗೆ ಹೋದರೆ ತಾನೆ!

ನಿಮ್ಮ ಅನುಮಾನ ಸರಿ, ಮುಸುರೆ ಅಂದರೆ ಕೊಳೆಯಲ್ಲ. ಕನ್ನಡದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಖಾತೆ ಇದೆ. ಕಣ್ಣಿಗೆ ಕಾಣುವುದು ಕೊಳೆ. ಗುಡಿಸಿ ಹಾಕುವುದು ಕಸ. ಬಾಯಿ ತಾಗಿದ್ದು ಎಂಜಲು. ಅದಕ್ಕೇ ‘ಲೋಟ ಕಚ್ಚಿ ಕುಡಿಬೇಡ, ಎತ್ತಿ ಕುಡಿ’ ಅಂತ ಮಕ್ಕಳಿಗೆ ಗದರುವುದು. ನೀರಲ್ಲಿ ಬೆಂದ ಅನ್ನ, ಸಾರು, ಹುಳಿ ತಾಗಿದ್ದು ಮುಸುರೆ. ಮಡಿ ಇನ್ನೂ ಬೇರೆ. ಇಸ್ತ್ರಿ ಮಾಡಿದ ಬಿಳಿ ಶರ್ಟು ಎಷ್ಟೇ ಚೊಕ್ಕಟವಾಗಿದ್ದರೂ ಮಡಿಯಲ್ಲ. ನೀರಲ್ಲಿ ಜಾಲಿಸಿ, ಗಳದ ಮೇಲೆ ಯಾರೂ ಮುಟ್ಟದಂತೆ ಒಣಹಾಕಿದ ಮಾಸಲು ಪಂಚೆ ಮಡಿ.

ಈಗ ಮುಸುರೆಯ ಕಾನೂನು ನೋಡಿ. ಹಸಿ ಅಕ್ಕಿ ಮುಸುರೆಯಲ್ಲ, ಅದೇ ಅಕ್ಕಿ ಬೆಂದರೆ ಮುಸುರೆ. ಅವಲಕ್ಕಿ, ಪುರಿ ಅಲ್ಲ. ಎಣ್ಣೆಯಲ್ಲಿ ಕರಿದ ಚಕ್ಕುಲಿ, ಕೋಡುಬಳೆ ಅಲ್ಲ. ಹಾಲು, ಮೊಸರು, ತುಪ್ಪ, ಉಪ್ಪಿನಕಾಯಿ ಅಲ್ಲ, ಅಷ್ಟೇ ಅಲ್ಲ, ಇವನ್ನು ಮುಸುರೆಯಿಂದ ಕಾಪಾಡಬೇಕು. ಉಪ್ಪಿಟ್ಟಿನ ವಿಷಯಕ್ಕೆ ಬಂದರೆ ಎರಡು ಮನೆಯಲ್ಲಿ ಎರಡು ತೀರ್ಪು. ರವೆ ಹುರಿದಿರುತ್ತೆ, ಹಾಗಾಗಿ ನಡೆಯುತ್ತೆ ಅಂತ ನಮ್ಮ ಅಜ್ಜಿಯ ವಾದ. ಅವರಿಗೆ ಉಪ್ಪಿಟ್ಟು ಇಷ್ಟ, ಅದೂ ಒಂದು ಕಾರಣ ಇರಬಹುದು.

ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ಒಂದು ಕಡೆ ಬೇಗ ಹಳಸುವುದು, ಇನ್ನೊಂದು ಕಡೆ ಇಟ್ಟು ತಿನ್ನುವುದು, ಅಲ್ವಾ? ಹಾಲು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, ಬಿಡಿ. ಬೆಂದ ಅನ್ನದಲ್ಲಿ ನೀರೂ ಇದೆ, ಪಿಷ್ಟವೂ ಇದೆ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿಯಲ್ಲೇ ಇರುತ್ತವೆ, ಕುದಿಸಿದರೂ ಸಾಯುವುದಿಲ್ಲ. ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟರೆ ಅವು ಚಿಗುರಿ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಇನ್ನು ಅನ್ನ ಹತ್ತಿದ ಚಮಚವನ್ನು ಉಪ್ಪಿನಕಾಯಿ ಜಾಡಿಗೆ ಅದ್ದಿದರೆ ಏನಾಗುತ್ತೆ ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಕೆಲವೇ ದಿನಕ್ಕೆ ಮೇಲೆ ಬೂಷ್ಟು. ವರ್ಷಕ್ಕೊಂದೇ ಸಲ ಮಾವಿನ ಮಿಡಿ ಹಾಕಿ, ಫ್ರಿಜ್ಜಿಲ್ಲದೆ ಕಾಪಾಡಿಕೊಂಡವರಿಗೆ ‘ಮುಸುರೆ ಕೈ’ ಅನ್ನುವ ಒಂದು ಗದರಿಕೆ ಸಾಕಾಗುತ್ತಿತ್ತು.

ಹಾಗಂತ ಎಲ್ಲಕ್ಕೂ ವಿಜ್ಞಾನ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಮುಚ್ಚಿದ ಅನ್ನದ ಪಾತ್ರೆಯ ಹೊರಗಡೆ ಬೆರಳು ತಾಗಿದರೂ ಮುಸುರೆ ಅನ್ನುವುದಕ್ಕೆ ಬ್ಯಾಕ್ಟೀರಿಯಾ ಕಾರಣವಲ್ಲ, ಅದು ಆಚಾರ. ಇದೇ ‘ಮುಟ್ಟಿದರೆ ಆಯಿತು’ ಅನ್ನುವ ಲೆಕ್ಕವನ್ನು ಪಾತ್ರೆಯಿಂದ ಮನುಷ್ಯರ ಮೇಲೆ ತಂದಿದ್ದೇ ಮೈಲಿಗೆಯ ಕೆಟ್ಟ ಕಥೆ. ಹಿತ್ತಲ ಬಾಗಿಲಲ್ಲೇ ನಿಂತು ಕೆಲಸ ಮಾಡಿ ಹೋಗಬೇಕಾದವರಿಗೆ ಬೇರೆ ಲೋಟ ಇಟ್ಟಿದ್ದಕ್ಕೆ ಆರೋಗ್ಯದ ನೆಪ ಹೇಳುವವರು ಇವತ್ತೂ ಇದ್ದಾರೆ. ನಂಬಬೇಡಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದ್ದು ಸುಮ್ನೆ ಅಲ್ಲ.

ಮುಸುರೆಗೆ ಇನ್ನೊಂದು ಮುಖವೂ ಇದೆ. ಅದನ್ನು ನಾನು ನೋಡಿದ್ದು ಪಾಂಡವಪುರದ ಹತ್ತಿರ, ಗೆಳತಿಯ ಹಳ್ಳಿಮನೆಯಲ್ಲಿ. ಅವರಲ್ಲಿ ಮುಸುರೆ ಕೈ ಅನ್ನುವ ಮಾತೇ ಇಲ್ಲ. ಅವರ ಅತ್ತೆ ಮುದ್ದೆ ಕಟ್ಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಸರಿನ ಗಡಿಗೆ ಇಳಿಸುತ್ತಾರೆ. ಆದರೆ ಅಕ್ಕಿ ತೊಳೆದ ನೀರನ್ನು ನಾನು ಮೋರಿಗೆ ಚೆಲ್ಲಿದಾಗ ಬೈಗುಳ ಬಿತ್ತು. ಅದು ಕಲಗಚ್ಚು! ಅಕ್ಕಿ ತೊಳೆದ ನೀರು, ಮಿಕ್ಕ ಅನ್ನ, ತರಕಾರಿ ಸಿಪ್ಪೆ ಎಲ್ಲ ಬಾನಿಗೆ ಬೀಳಬೇಕು. ಸ್ವಲ್ಪ ಬೂಸ ಸೇರಿಸಿದರೆ ಹಸುವಿಗೆ ಊಟ. ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಗದ್ದೆಗೆ. ಒಲೆಯ ಬೂದಿ ಪಾತ್ರೆ ತಿಕ್ಕುವುದಕ್ಕೆ. ಆ ಮನೆಯಲ್ಲಿ ಕಸ ಅಂತ ಆಚೆ ಹಾಕುವುದಕ್ಕೆ ಹೆಚ್ಚೇನೂ ಇರಲಿಲ್ಲ. ದೀಪಾವಳಿಯಲ್ಲಿ ತಿಪ್ಪೆಯ ಮೇಲೂ ಒಂದು ದೀಪ ಇಡುತ್ತಾರೆ.

ಮೈಸೂರಿಗೆ ಬನ್ನಿ. ನಮ್ಮದು 2015ರಲ್ಲೂ 2016ರಲ್ಲೂ ಕೇಂದ್ರ ಸರ್ಕಾರದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲು ಬಂದ ಊರು. ಅದಕ್ಕಿಂತ ಬಹಳ ಮೊದಲು, ಪ್ಲೇಗು ಬಂದು ಇಕ್ಕಟ್ಟಾದ ಕೇರಿಗಳ ಭಯ ಹುಟ್ಟಿದ ಕಾಲಕ್ಕೆ, 1903ರಲ್ಲೇ ಇಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಆಯಿತು. ಅಗಲ ರಸ್ತೆ, ಚರಂಡಿ, ಹೊಸ ಬಡಾವಣೆ ಎಲ್ಲ ಆ ಯೋಚನೆಯಿಂದ ಬಂದವು. ಆದರೆ ಮನೆಯಲ್ಲಿ ಹಸುವೂ ಇಲ್ಲ, ಬಾನಿಯೂ ಇಲ್ಲ. ಮುಸುರೆ ಎಲ್ಲಿಗೆ ಹೋಗಬೇಕು?

ನಮ್ಮ ಬೀದಿಯ ತಿರುವಿನಲ್ಲಿ ಉತ್ತರ ಕಾಣುತ್ತದೆ. ಅಡುಗೆಮನೆಯಲ್ಲಿ ಹತ್ತು ಸಲ ಕೈ ತೊಳೆಯುವವರೇ ರಾತ್ರಿಯ ಅನ್ನವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಲೈಟು ಕಂಬದ ಬುಡಕ್ಕೆ ಇಟ್ಟು ಬರುತ್ತಾರೆ. ಬೀದಿ ಹಸು ಅನ್ನದ ಜೊತೆ ಕವರನ್ನೂ ತಿನ್ನುತ್ತದೆ. ಉಳಿದದ್ದನ್ನು ಪೌರಕಾರ್ಮಿಕರು ಬರಿಗೈಯಲ್ಲಿ ಬಿಡಿಸುತ್ತಾರೆ. ಹೊಸಿಲಿನ ಒಳಗೆ ಮುಟ್ಟಬಾರದ ಮುಸುರೆ, ಹೊರಗೆ ಇನ್ನೊಬ್ಬರು ಮುಟ್ಟಬಹುದು! ಹಸಿಕಸ ಬೇರೆ ಡಬ್ಬಿಗೆ ಹಾಕಿದರೆ ಕಥೆಯೇ ಬೇರೆ. ಕುಂಬಾರಕೊಪ್ಪಲಿನ ಘಟಕದಲ್ಲಿ ಕಸ ವಿಂಗಡಿಸಿ, ಹಸಿಕಸವನ್ನು ಗೊಬ್ಬರ ಮಾಡಿ ರೈತರಿಗೆ ಮಾರುತ್ತಾರೆ. ಒಂದು ರೀತಿಯಲ್ಲಿ ಅದೇ ಬಾನಿ, ಅದೇ ತಿಪ್ಪೆ.

ನಿಮ್ಮ ಅತ್ತೆಯ ವಿಷಯಕ್ಕೆ ಬರುತ್ತೇನೆ. ಮೊಸರು ಮುಟ್ಟುವ ಮುಂಚೆ ಕೈ ತೊಳೆದುಬಿಡಿ, ಅರ್ಧ ನಿಮಿಷದ ಕೆಲಸ. ಉಪ್ಪಿನಕಾಯಿಗೆ ಒಣ ಚಮಚ. ಮಿಕ್ಕ ಅನ್ನ ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ಆಮೇಲೆ ಒಂದು ದಿನ ಸಮಯ ನೋಡಿ, ಫ್ರಿಜ್ಜಿನಲ್ಲಿ ಅನ್ನ ಎಲ್ಲಿಡಬೇಕು ಅಂತ ಅವರನ್ನೇ ಕೇಳಿ. ನಮ್ಮ ಮನೆಯಲ್ಲಿ ಈ ಚರ್ಚೆ ಎರಡು ತಿಂಗಳು ನಡೆದು, ಮೇಲಿನ ತಟ್ಟೆ ಹಾಲು ಮೊಸರಿಗೆ, ಕೆಳಗಿನದು ಅನ್ನ ಸಾರಿಗೆ ಅಂತ ರಾಜಿಯಾಯಿತು. ಎಲ್ಲರೂ ಎಲ್ಲ ಕೈಯಲ್ಲೂ ಮುಟ್ಟುವ ಫ್ರಿಜ್ಜಿನ ಹಿಡಿ ಮುಸುರೆಯೋ ಅಲ್ಲವೋ ಅನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.