ಜಗುಲಿಯಂಚಿನಲ್ಲಿ ಮರೆತ ಬುದ್ಧಿ

ದೀಪಾವಳಿಗೆ ತೀರ್ಥಹಳ್ಳಿ ಸೀಮೆಯ ಅಕ್ಕನ ಮನೆಗೆ ಹೋದಾಗ ಅವಳ ಮೊಮ್ಮಗಳಿಗೆ ಹನ್ನೊಂದು ತಿಂಗಳು. ಅಂಬೆಗಾಲು ಚೆನ್ನಾಗಿ ಕುದುರಿತ್ತು. ಕಾವಿ ನೆಲದ ಮೇಲೆ ಸರಸರನೆ ಬಂದವಳು ಜಗುಲಿಯ ಅಂಚಿನಲ್ಲಿ ಗಕ್ಕನೆ ನಿಂತಳು. ಬಲಗೈ ಇಳಿಬಿಟ್ಟು ಗಾಳಿಯನ್ನು ತಡವಿದಳು. ಅಂಗಳ ಕೈಗೆ ಸಿಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿದಂತೆ ಕುಳಿತು, ಬೆನ್ನು ತಿರುಗಿಸಿ, ಹೊಟ್ಟೆಯ ಮೇಲೆ ಮಲಗಿ, ಒಂದೊಂದೇ ಕಾಲು ಜಾರಿಸುತ್ತ ಇಳಿದಳು. ಬಾವಿಗೆ ಇಳಿಯುವ ಕೆಲಸಗಾರನಿಗೂ ಅಷ್ಟು ಜಾಗ್ರತೆ ಇರಲಿಕ್ಕಿಲ್ಲ.

ಎಳ್ಳಮಾವಾಸ್ಯೆ ಜಾತ್ರೆಗೆ ಮತ್ತೆ ಹೋದೆ. ಅವಳು ನಡೆಯತೊಡಗಿ ಹತ್ತು ದಿನವಾಗಿತ್ತು. ಅದೇ ಜಗುಲಿ, ಅದೇ ಅಂಚು. ಈ ಸಲ ನಿಲ್ಲಲೇ ಇಲ್ಲ. ಮುಂದೆಯೂ ನೆಲವಿದೆ ಎಂಬಂತೆ ಹೆಜ್ಜೆ ಎತ್ತಿ ಗಾಳಿಯಲ್ಲಿ ಇಟ್ಟಳು. ಪಕ್ಕದಲ್ಲೇ ಮೆಟ್ಟುಗತ್ತಿಯಲ್ಲಿ ಅಡಕೆ ಸುಲಿಯುತ್ತಿದ್ದ ಅಕ್ಕ ಕೈಚಾಚಿ ಅಂಗಿ ಹಿಡಿಯದಿದ್ದರೆ ಹಣೆ ಒಡೆಯುತ್ತಿತ್ತು.

"ಇದ್ದ ಬುದ್ಧಿಯೂ ಹೋಯಿತಲ್ಲ ಮಾರಾಯ! ಜಾತ್ರೆಯಲ್ಲಿ ಯಾರದೋ ಕಣ್ಣು ಬಿದ್ದಿದೆ" ಎಂದಳು ಅಕ್ಕ. ಸಂಜೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬಚ್ಚಲೊಲೆಗೆ ಹಾಕಿದ್ದೂ ಆಯಿತು. ಘಾಟು ಬರಲಿಲ್ಲ, ಆದ್ದರಿಂದ ದೃಷ್ಟಿ ಇದ್ದದ್ದು ಖಚಿತ ಎಂದು ತೀರ್ಮಾನವೂ ಆಯಿತು. ಬಚ್ಚಲೊಲೆಯ ಹೊಗೆಯೆಲ್ಲ ಕೊಳವೆಯಲ್ಲಿ ಮೇಲೆ ಹೋಗುತ್ತದೆ, ಘಾಟು ನಿನ್ನ ಮೂಗಿಗೆ ಬರುವುದಾದರೂ ಹೇಗೆ ಎಂದು ಕೇಳಿದೆ. ಅಕ್ಕ ಉತ್ತರಿಸದೆ ಕಾಫಿ ಕೊಟ್ಟಳು.

ನಿಜವಾಗಿ ನಡೆದದ್ದು ದೃಷ್ಟಿಗಿಂತ ಸ್ವಾರಸ್ಯವಾದದ್ದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ಯಾರೆನ್ ಅಡಾಲ್ಫ್ ಇದನ್ನೇ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಬೇಕಾದಷ್ಟು ಓರೆ ಮಾಡಬಹುದಾದ ಹಲಗೆಯ ಮೇಲ್ತುದಿಯಲ್ಲಿ ಮಗು, ಕೆಳತುದಿಯಲ್ಲಿ ಅಮ್ಮ, ಜಾರಿದರೆ ಹಿಡಿಯಲು ಪಕ್ಕದಲ್ಲಿ ಒಬ್ಬರು. ಅಂಬೆಗಾಲು ಹೊಸದಾಗಿ ಕಲಿತ ಮಕ್ಕಳು ಎಂಥ ಇಳಿಜಾರಿಗೂ ನುಗ್ಗಿ ಉರುಳಿದವು. ವಾರಗಳು ಕಳೆದಂತೆ ಯಾವುದು ತಮ್ಮ ಅಳವಿನದು, ಯಾವುದು ಅಲ್ಲ ಎಂದು ಕರಾರುವಾಕ್ಕಾಗಿ ಅಳೆಯಲು ಕಲಿತವು. ಬೆರಗು ಹುಟ್ಟಿಸುವ ಸಂಗತಿ ಮುಂದಿನದು. ಅವೇ ಮಕ್ಕಳು ಎದ್ದು ನಡೆಯತೊಡಗಿದ ಕೂಡಲೇ ಕಲಿತದ್ದೆಲ್ಲ ಮಾಯ! ಅದೇ ಕಡಿದಾದ ಹಲಗೆಗೆ ಮತ್ತೆ ನುಗ್ಗಿ, ಮತ್ತೆ ಉರುಳಿ, ಪಾಠವನ್ನು ಮೊದಲಿನಿಂದ ಕಲಿಯಬೇಕಾಯಿತು.

ಏಕೆ? ಮಗು ಕಲಿತದ್ದು "ಅಂಚು ಅಪಾಯ" ಎಂಬ ಸೂತ್ರವನ್ನಲ್ಲ. ನಾಲ್ಕು ಕಾಲಿನ ಈ ದೇಹಕ್ಕೆ ಎಷ್ಟು ಇಳಿಜಾರು ದಕ್ಕುತ್ತದೆ ಎಂಬ ಲೆಕ್ಕವನ್ನು. ಎದ್ದು ನಿಂತಾಗ ದೇಹವೇ ಬೇರೆ. ಅಂಬೆಗಾಲಿನಲ್ಲಿ ಕೈ ಮುಂದಾಳು, ಅದು ಮೊದಲು ಮುಟ್ಟಿ ನೋಡುತ್ತದೆ, ಕಣ್ಣೂ ಹೆಚ್ಚುಹೊತ್ತು ನೆಲದಲ್ಲೇ ಇರುತ್ತದೆ. ನಿಂತಾಗ ಕಣ್ಣಿಗೆ ಬೀಳುವುದು ಇಡೀ ಕೋಣೆ, ಎದುರಿನ ಮುಖಗಳು. ಅಡಕೆ ಮರದ ತುದಿಯಲ್ಲಿ ಮಂಗನಂತೆ ಆಡುತ್ತ ಅಡಕೆಗೊನೆ ಇಳಿಸುವ ಕೊನೆಗೌಡನನ್ನು ತುಂಗೆಯ ದೋಣಿಯಲ್ಲಿ ನಿಲ್ಲಿಸಿ ನೋಡಿ, ಮೊಣಕಾಲು ನಡುಗುತ್ತದೆ. ಅವನ ಸಮತೋಲ ಕಳೆದುಹೋಗಿಲ್ಲ, ಅದು ಮರದ್ದು, ದೋಣಿಯದ್ದಲ್ಲ. ಸೈಕಲ್ಲಿನಲ್ಲಿ ಕೈಬಿಟ್ಟು ಹೋಗುವ ಹುಡುಗ ಜೀಪಿನ ಹಿಂದೆ ಟ್ರೈಲರ್ ಕಟ್ಟಿಕೊಂಡು ರಿವರ್ಸ್ ತೆಗೆಯಲಿ ನೋಡೋಣ. ಅಥವಾ ಹೀಗೆ ಹೇಳಬಹುದು: ಅಡಕೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಲಾಗುವುದಿಲ್ಲ, ಪ್ರತಿ ಭಂಗಿಗೂ ಮಗು ಹೊಸ ತಕ್ಕಡಿ ಕಟ್ಟಿಕೊಳ್ಳಬೇಕು. ಬುದ್ಧಿ ಹೋಗಿರಲಿಲ್ಲ ಅಕ್ಕ, ತಕ್ಕಡಿ ಬದಲಾಗಿತ್ತು.

ತಕ್ಕಡಿ ಕಟ್ಟುವ ಸಾಮಾನು ಯಾವುದು? ಬೀಳುವುದು. 2012ರಲ್ಲಿ ಅಡಾಲ್ಫ್ ತಂಡ ಪ್ರಕಟಿಸಿದ ಎಣಿಕೆಯಂತೆ, ಒಂದರಿಂದ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳು ಆಟದ ಒಂದು ಗಂಟೆಯಲ್ಲಿ ಸರಾಸರಿ 2,368 ಹೆಜ್ಜೆ ಇಡುತ್ತವೆ, 17 ಸಲ ಬೀಳುತ್ತವೆ. ಗಂಟೆಗೆ! ಬೆರಳು ಹಿಡಿದು ಜಗುಲಿಯುದ್ದಕ್ಕೆ ಎರಡು ಸಲ ನಡೆಸಿ "ನಾನೇ ನಡೆಯಲು ಕಲಿಸಿದೆ" ಎನ್ನುವ ಅಪ್ಪಂದಿರು ಈ ಸಂಖ್ಯೆಯನ್ನು ಒಮ್ಮೆ ನೋಡಬೇಕು.

ಹಾಗಾದರೆ ತಂದೆತಾಯಿಯ ಪಾತ್ರವೇ ಇಲ್ಲವೇ? ಒಂದು ಕಾಲದಲ್ಲಿ ದೊಡ್ಡವರೇ ಹಾಗೆ ಹೇಳಿದ್ದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ 1929ರಲ್ಲಿ ಒಂದೇ ರೂಪದ ಅವಳಿ ಹೆಣ್ಣುಮಕ್ಕಳ ಪ್ರಯೋಗವೊಂದನ್ನು ಪ್ರಕಟಿಸಿದರು. ಒಬ್ಬಳಿಗೆ 46ನೇ ವಾರದಿಂದ ಆರು ವಾರ ಮೆಟ್ಟಿಲು ಹತ್ತುವ ತರಬೇತಿ. ಇನ್ನೊಬ್ಬಳಿಗೆ 53ನೇ ವಾರದಿಂದ ಎರಡೇ ವಾರ. ತಡವಾಗಿ ಶುರುಮಾಡಿದವಳು ಬೇಗನೆ ಮೊದಲಿನವಳ ಸಮಕ್ಕೆ ಬಂದಳು. ದೇಹ ಮಾಗಿದಾಗ ಕಾಲು ತಾನಾಗಿ ಬರುತ್ತದೆ, ಕಾಯಿಯನ್ನು ಹಿಸುಕಿ ಹಣ್ಣು ಮಾಡಬೇಡಿ ಎಂಬುದು ಗೆಸೆಲ್ ವಾದ. ಆದರೆ ಒಂದು ಚಿಕ್ಕ ವಿಷಯ ಅವರ ಲೆಕ್ಕದ ಹೊರಗೆ ಉಳಿಯಿತು. ತರಬೇತಿ ಇಲ್ಲದ ಮಗುವೇನು ಆ ವಾರಗಳಲ್ಲಿ ಕೈಕಾಲು ಕಟ್ಟಿಕೊಂಡು ಮಲಗಿತ್ತೇ? ತೆವಳಿತ್ತು, ಎದ್ದಿತ್ತು, ಬಿದ್ದಿತ್ತು. ಪಾಠವನ್ನು ನೆಲವೇ ಹೇಳುತ್ತಿತ್ತು.

ತಂದೆತಾಯಿಯ ಕೈಯಲ್ಲಿರುವುದು ಈ ನೆಲ: ಮಗುವಿಗೆ ಎಷ್ಟು ಹೊತ್ತು, ಎಷ್ಟು ಅಗಲದ ನೆಲ ಸಿಗುತ್ತದೆ ಎಂಬುದು. ತಜಿಕಿಸ್ತಾನದಲ್ಲಿ ಗಹ್ವೋರಾ ಎಂಬ ತೊಟ್ಟಿಲಿದೆ. ಮಗುವನ್ನು ಅದರಲ್ಲಿ ಬಟ್ಟೆಯಿಂದ ಕಟ್ಟಿ ದಿನಕ್ಕೆ ಹಲವಾರು ಗಂಟೆ ಮಲಗಿಸುತ್ತಾರೆ. ಅಲ್ಲಿನ ಮಕ್ಕಳು ಕೂರುವುದು, ನಡೆಯುವುದು ಪಾಶ್ಚಾತ್ಯ ಪಟ್ಟಿಗಳಿಗಿಂತ ತಡ, ಆದರೆ ನಾಲ್ಕೈದು ವರ್ಷದ ಹೊತ್ತಿಗೆ ಓಡುತ್ತ ಜಿಗಿಯುತ್ತ ಎಲ್ಲರಂತೆಯೇ ಇರುತ್ತವೆ. ಅಮೆರಿಕದ ಡೆನ್ವರ್‌ನಲ್ಲಿ ಚಳಿಗಾಲ, ವಸಂತಗಳಲ್ಲಿ ಹುಟ್ಟಿದ ಮಕ್ಕಳು ಬೇಸಿಗೆ, ಶರತ್ಕಾಲದ ಮಕ್ಕಳಿಗಿಂತ ಸುಮಾರು ಮೂರು ವಾರ ಮೊದಲೇ ಅಂಬೆಗಾಲಿಟ್ಟವು. ಅವು ತೆವಳುವ ವಯಸ್ಸಿಗೆ ಬರುವಾಗ ಬಿಸಿಲುಕಾಲ, ಮೈಮೇಲೆ ದಪ್ಪ ಬಟ್ಟೆಯಿಲ್ಲ, ನೆಲವೂ ತಣ್ಣಗಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಆಷಾಢ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು, ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವುದು. ಅಂಗಳದಲ್ಲಿ ಹಾವಸೆ ಕಟ್ಟಿ ದೊಡ್ಡವರೇ ಅಡಕೆ ದಬ್ಬೆ ಹಾಸಿಕೊಂಡು ನಡೆಯುವ ಕಾಲ. ಕಾವಿ ನೆಲ ಬೆವರುತ್ತದೆ. "ಕೂಸನ್ನು ಕೆಳಗೆ ಬಿಡಬೇಡ, ಥಂಡಿ ಹಿಡಿಯುತ್ತದೆ" ಎಂಬ ಮಾತು ಮನೆಮನೆಯಲ್ಲಿ. ಮಗು ಕಂಬಳಿ ಸುತ್ತಿಕೊಂಡು ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ದಾಟುತ್ತದೆ. ಅಕ್ಕನ ಮೊಮ್ಮಗಳು ಹುಟ್ಟಿದ್ದು ಡಿಸೆಂಬರಿನಲ್ಲಿ. ಡೆನ್ವರ್‌ನಲ್ಲಿ ಹುಟ್ಟಿದ್ದರೆ ಅದೃಷ್ಟವಂತೆ. ಇಲ್ಲಿ ತೆವಳುವ ವಯಸ್ಸಿಗೆ ಸರಿಯಾಗಿ ಪುನರ್ವಸು ಮಳೆ ಹಿಡಿದುಕೊಂಡಿತು. ಮಳೆಗಾಲವಿಡೀ ಸೊಂಟದ ಮೇಲಿದ್ದವಳು ನವರಾತ್ರಿಗೆ ನೆಲ ಕಂಡಳು, ದೀಪಾವಳಿಗೆ ಜಗುಲಿ ಇಳಿದಳು. ನಡುವೆ ಅಮ್ಮ ಕಟ್ಟಿಸಿದ ಅಂತ್ರದ ತಾಯಿತಕ್ಕೆ ಕೀರ್ತಿ ಹೋಯಿತು.

ಅವಸರಕ್ಕೆ ಬಿದ್ದವರು ಶಿವಮೊಗ್ಗದ ಗಾಂಧಿ ಬಜಾರಿನಿಂದ ಚಕ್ರದ ವಾಕರ್ ತರುತ್ತಾರೆ. ಅದರಲ್ಲಿ ಕೂತ ಮಗು ತುದಿಗಾಲಲ್ಲಿ ನೆಲ ಒದೆಯುತ್ತದೆ, ಬೀಳುವುದಿಲ್ಲ, ಸಮತೋಲ ಕಲಿಯುವ ಅಗತ್ಯವೇ ಬರುವುದಿಲ್ಲ. ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿನಿಂದ ಉರುಳುವುದು ಮಾತ್ರ ಬೇಗ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ನಮ್ಮಜ್ಜನ ಕಾಲದ, ಹಿಡಿದು ತಳ್ಳುವ ಮೂರು ಗಾಲಿಯ ಮರದ ಗಾಡಿ ಬೇರೆ ಜಾತಿಯದು. ಅದರಲ್ಲಿ ಮಗು ತನ್ನ ಭಾರ ತಾನೇ ಹೊರುತ್ತದೆ.

ಇನ್ನು ಎಷ್ಟು ತಿಂಗಳಿಗೆ ನಡೆಯಬೇಕು ಎಂಬ ನೆರೆಮನೆಯವರ ಪಂಚಾಯಿತಿಕೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಕೊಟ್ಟ ಅವಧಿ 8.2 ತಿಂಗಳಿಂದ 17.6 ತಿಂಗಳು. ಅಂಬೆಗಾಲಿಡದೆಯೇ ನಡೆದ ಮಕ್ಕಳೂ ಅದರಲ್ಲಿದ್ದವು. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಹರಕೆ ಹೊತ್ತು ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ.

ನನಗೆ ಸಿಟ್ಟು ಬರುವುದು ಇನ್ನೊಂದು ಮಾತಿಗೆ: "ಹೆಣ್ಣುಕೂಸು, ಬಿದ್ದೀತು, ಎತ್ತಿಕೊ." ಗಂಡಾಗಿದ್ದರೆ "ಬೀಳಲಿ ಬಿಡು, ಗಟ್ಟಿಯಾಗುತ್ತಾನೆ." 2000ನೇ ಇಸವಿಯಲ್ಲಿ ಅಡಾಲ್ಫ್ ಮತ್ತು ಜೊತೆಗಾರರು ಹನ್ನೊಂದು ತಿಂಗಳ ಮಕ್ಕಳ ಅಮ್ಮಂದಿರಿಗೆ, ನಿಮ್ಮ ಮಗು ಎಷ್ಟು ಓರೆಯನ್ನು ತೆವಳಿ ಇಳಿಯಬಲ್ಲದು, ಹಲಗೆ ಹೊಂದಿಸಿ ತೋರಿಸಿ ಎಂದರು. ಗಂಡುಮಕ್ಕಳ ಅಮ್ಮಂದಿರು ಜಾಸ್ತಿ ಅಂದಾಜಿಸಿದರು, ಹೆಣ್ಣುಮಕ್ಕಳ ಅಮ್ಮಂದಿರು ಕಡಿಮೆ. ಮಕ್ಕಳನ್ನು ಬಿಟ್ಟು ನೋಡಿದಾಗ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ.

ಅಮ್ಮನ ಮಾತನ್ನು ಮಕ್ಕಳು ಎಷ್ಟು ಕೇಳುತ್ತವೆ ಎಂಬುದನ್ನೂ ಅದೇ ಹಲಗೆಯ ಮೇಲೆ ನೋಡಿದ್ದಾರೆ. ಒಂದೂವರೆ ವರ್ಷದ ಮಕ್ಕಳು ಸುಲಭದ ಇಳಿಜಾರಿನಲ್ಲಿ ಅಮ್ಮ "ಬೇಡ" ಎಂದರೂ ನಡೆದವು, ತೀರಾ ಕಡಿದಾದ ಕಡೆ "ಬಾ ಬಾ" ಎಂದು ಕರೆದರೂ ಒಲ್ಲೆ ಎಂದವು. ಆದೀತೋ ಆಗದೋ ಎಂಬ ನಡುವಿನ ಇಳಿಜಾರಿನಲ್ಲಿ ಮಾತ್ರ ಅಮ್ಮನ ಮಾತಿಗೆ ಬೆಲೆ.

ಈ ಸಲ ಮಳೆ ಹಿಡಿಯುವ ಮುಂಚೆ ಅಕ್ಕನ ಮನೆಗೆ ಹೋದಾಗ ಮೊಮ್ಮಗಳಿಗೆ ಒಂದೂವರೆ ವರ್ಷ. ಜಗುಲಿಯಂಚಿಗೆ ಬಂದು, ಕಂಬ ಹಿಡಿದು, ಕುಳಿತು, ಯಾರನ್ನೂ ಕೇಳದೆ ಇಳಿದಳು. ಅಂಗಳ ದಾಟಿ ತೋಟಕ್ಕೆ ಇಳಿಯುವ ಜಾಡಿನ ತಲೆಯಲ್ಲಿ, ಹಿಂದಿನ ರಾತ್ರಿಯ ಮಳೆಗೆ ಮಣ್ಣು ಒದ್ದೆಯಾಗಿದ್ದಲ್ಲಿ, ನಿಂತಳು. ಒಂದು ಕಾಲನ್ನು ಮುಂದಿಟ್ಟು ಮಣ್ಣನ್ನು ಒತ್ತಿ ನೋಡಿದಳು. ಕಾಲು ಹಿಂದೆಗೆದು, ತಿರುಗಿ ಅಕ್ಕನ ಮುಖ ನೋಡಿದಳು. ಅಕ್ಕ ಬಾಯಿ ತೆರೆದವಳು ನನ್ನ ಕಡೆ ಒಮ್ಮೆ ನೋಡಿ, ಏನೂ ಹೇಳದೆ, ಸೆರಗು ಸಿಕ್ಕಿಸಿಕೊಂಡು ಜಾಡಿನಲ್ಲಿ ನಾಲ್ಕು ಹೆಜ್ಜೆ ಕೆಳಗೆ ಹೋಗಿ ನಿಂತಳು.