ಕತ್ತರಿಸಿದ ಬಳ್ಳಿಯಿಂದ ಸುರಿಯುವ ನೀರು

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಫಿಂಗರ್ ಲೇಕ್ಸ್ ಎಂಬ ಸರೋವರಗಳ ಸೀಮೆಯಿದೆ. ಅಲ್ಲಿ ಏಪ್ರಿಲ್ ಹೊತ್ತಿಗೆ ದ್ರಾಕ್ಷಿ ಸವರಿದರೆ ಕತ್ತರಿ ಬಿದ್ದ ಕಡ್ಡಿಯ ತುದಿಯಿಂದ ತಿಳಿನೀರು ತೊಟ್ಟಿಕ್ಕತೊಡಗುತ್ತದೆ. ದಿನಗಟ್ಟಲೆ ನಿಲ್ಲುವುದಿಲ್ಲ. ಬಳ್ಳಿ ರಕ್ತ ಸೋರಿ ಸಾಯುತ್ತದೆಂದು ಗಾಬರಿಗೊಂಡು ಗಾಯಕ್ಕೆ ಮೇಣ ಮೆತ್ತುವವರಿದ್ದಾರೆ. ಅದೇ ಭಯದಿಂದ ಕೊರೆಯುವ ಡಿಸೆಂಬರಿನಲ್ಲೇ ಕತ್ತರಿ ಹಿಡಿದು ಹೊರಡುವವರೂ ಇದ್ದಾರೆ. ಮೇಣದಿಂದ ಹೋಗುವುದು ಬರಿಯ ಶ್ರಮ. ಅವಸರದ ಕತ್ತರಿಯಿಂದ ಬೆಳೆಯೇ ಹೋದೀತು.

ಈ ಭಯ ಹಳೆಯದು, ಮತ್ತು ಒಮ್ಮೆ ವಿಜ್ಞಾನಕ್ಕೆ ಮಹದುಪಕಾರ ಮಾಡಿದೆ. ಲಂಡನ್ ಸಮೀಪದ ಟೆಡಿಂಗ್ಟನ್‌ನಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸ್, ಅಕಾಲದಲ್ಲಿ ಕತ್ತರಿಸಿದ ಹಳೆಯ ಬಳ್ಳಿಯೊಂದು ಸತ್ತೇ ಹೋದೀತೆಂದು ಹೆದರಿದರು. ರಸ ನಿಲ್ಲಿಸುವ ಉಪಾಯಗಳೆಲ್ಲ ಸೋತ ಮೇಲೆ ಕೊಯ್ದ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಬಿಗಿದು ಕಟ್ಟಿದರು. ಪೊರೆ ಉಬ್ಬಿ ನಿಂತಿತು! ಬಳ್ಳಿಯ ಚಿಂತೆ ಅಲ್ಲಿಗೆ ಮರೆತಿರಬೇಕು. ಮುಂದೆ ಗಾಜಿನ ಕೊಳವೆ ಜೋಡಿಸಿ ನೋಡಿದರೆ ರಸ 21 ಅಡಿ ಏರಿತು. ಈ ಪುಣ್ಯಾತ್ಮರು ಕುದುರೆಯ ರಕ್ತದೊತ್ತಡವನ್ನೂ ಅಳೆದಿದ್ದರು. ಬಳ್ಳಿಯ ಒತ್ತಡ ಕುದುರೆಯ ತೊಡೆಯ ಅಪಧಮನಿಯಲ್ಲಿರುವುದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚೆಂದು 1727ರಲ್ಲಿ ಪ್ರಕಟಿಸಿದರು. ಹೃದಯವೇ ಇಲ್ಲದ ಗಿಡಕ್ಕೆ ಇಷ್ಟು ಕಸುವು!

ಕಸುವು ಬೇರಿನದು. ಮಣ್ಣು ಬೆಚ್ಚಗಾದಂತೆ ಬೇರುಗಳು ಲವಣ, ಸಕ್ಕರೆಗಳನ್ನು ನೀರ್ನಾಳಗಳಿಗೆ ಬಿಡುತ್ತವೆ. ಅಭಿಸರಣೆಯಿಂದ, ಎಂದರೆ ಲವಣ, ಸಕ್ಕರೆ ಹೆಚ್ಚಿರುವ ಕಡೆಗೆ ನೀರು ಹರಿಯುವ ಗುಣದಿಂದ, ಮಣ್ಣಿನ ನೀರು ಒಳನುಗ್ಗುತ್ತದೆ. ಆವಿಯಾಗಿ ಹೊರಹೋಗೋಣವೆಂದರೆ ಎಲೆಗಳಿಲ್ಲ, ಹಾಗಾಗಿ ಒತ್ತಡ ಏರುತ್ತದೆ. ಬಳ್ಳಿಗೆ ಇದು ಜೀವನ್ಮರಣದ ಅಗತ್ಯ. ದ್ರಾಕ್ಷಿಯ ನೀರ್ನಾಳಗಳು ಬಹಳ ಅಗಲ. ಚಳಿಗಾಲದಲ್ಲಿ ಅವುಗಳೊಳಗಿನ ನೀರು ಹೆಪ್ಪುಗಟ್ಟಿದಾಗ ಅದರಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ಹೊರಬೀಳುತ್ತದೆ. ಕೊನೆಗೆ ನಾಳಗಳಲ್ಲಿ ಉಳಿಯುವುದು ಗಾಳಿಯೇ. ಗಾಳಿ ಹಿಡಿದ ಪಂಪ್‌ಸೆಟ್ಟಿನಂತೆ ಆ ಬಳ್ಳಿ ನೀರೆತ್ತಲಾರದು. ವಸಂತದಲ್ಲಿ ಬೇರಿನ ಒತ್ತಡವೇ ಆ ಗಾಳಿಯನ್ನು ಹೊರದೂಡಿ, ಕರಗಿಸಿ, ನಾಳಗಳನ್ನು ಮತ್ತೆ ತುಂಬುತ್ತದೆ. ಗಾಯದಿಂದ ತೊಟ್ಟಿಕ್ಕುವುದು ಈ ದುರಸ್ತಿಯಲ್ಲಿ ಹೊರಚೆಲ್ಲುವ ಪಾಲು. ಬಹುಪಾಲು ನೀರೇ ಆದ್ದರಿಂದ ಬಳ್ಳಿ ಬಡವಾಗುವುದಿಲ್ಲ. ಎಲೆ ಬಿಚ್ಚಿಕೊಂಡ ಮೇಲೆ ತಾನಾಗಿ ನಿಲ್ಲುತ್ತದೆ.

ಹಾಗಿದ್ದರೆ ಡಿಸೆಂಬರಿನಲ್ಲಿ ಏಕೆ ಬೇಡ? ವಿಜಯಪುರದ ಬೆಳೆಗಾರರಿಗೆ ಈ ಪ್ರಶ್ನೆಯೇ ಏಳದು. ಅಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ (ಚಾಟ್ನಿ ಎಂದರೆ ಬಳ್ಳಿ ಸವರುವುದು) ಎಂದು ವರ್ಷಕ್ಕೆ ಎರಡು ಬಾರಿ ಕತ್ತರಿಯೇ ಬಳ್ಳಿಯ ಕಾಲಮಾನವನ್ನು ನಿರ್ಧರಿಸುತ್ತದೆ. ಫಿಂಗರ್ ಲೇಕ್ಸ್‌ನಲ್ಲಿ ಆ ಅಧಿಕಾರ ಚಳಿಯದು. ನಡುಚಳಿಗಾಲದಲ್ಲಿ ರೀಸ್ಲಿಂಗ್ ಎಂಬ ದ್ರಾಕ್ಷಿ ತಳಿಯ ಕಣ್ಣುಗಳು, ಎಂದರೆ ಕಡ್ಡಿಯಲ್ಲಿ ಚಿಗುರೊಡೆಯುವ ಗಂಟುಗಳು, ಸೊನ್ನೆಗಿಂತ ಸುಮಾರು 23 ಡಿಗ್ರಿ ಸೆಲ್ಸಿಯಸ್ ಕೆಳಗಿನ ತನಕ ತಾಳುತ್ತವೆ, ಏಕೆಂದರೆ ಅವುಗಳ ಜೀವಕೋಶಗಳ ಒಳಗಿನ ನೀರು ಅಷ್ಟು ಚಳಿಯಲ್ಲೂ ಹೆಪ್ಪುಗಟ್ಟದೆ ದ್ರವವಾಗಿಯೇ ಉಳಿಯುತ್ತದೆ. ಮಿತಿ ದಾಟಿದರೆ ಥಟ್ಟನೆ ಮಂಜುಗಡ್ಡೆಯಾಗುತ್ತದೆ, ಮೊಗ್ಗು ಸಾಯುತ್ತದೆ. ಒಂದೊಂದು ಕಣ್ಣಿನಲ್ಲೂ ಮೂರು ಮೊಗ್ಗುಗಳಿರುತ್ತವೆ. ಹೆಚ್ಚು ಹಣ್ಣು ಕೊಡುವ ಮುಖ್ಯ ಮೊಗ್ಗೇ ಮೊದಲು ಸಾಯುವುದು.

ಆದ್ದರಿಂದ ಬಲ್ಲ ಬೆಳೆಗಾರರು ಚಳಿಯ ಹೊಡೆತ ಮುಗಿಯುವ ತನಕ ಕಾದು, ಕೆಲವು ಕಣ್ಣುಗಳನ್ನು ಬ್ಲೇಡಿನಿಂದ ಅಡ್ಡ ಸೀಳಿ ನೋಡುತ್ತಾರೆ. ಹಸಿರಿದ್ದರೆ ಜೀವಂತ, ಕಂದಾದರೆ ಸತ್ತಿದೆ. ಅರ್ಧದಷ್ಟು ಸತ್ತಿದ್ದರೆ ಬಿಡುವ ಕಣ್ಣುಗಳ ಸಂಖ್ಯೆಯನ್ನು ಇಮ್ಮಡಿ ಮಾಡುತ್ತಾರೆ. ಡಿಸೆಂಬರಿನಲ್ಲೇ ಕತ್ತರಿಸಿದವರಿಗೆ ಬಿಡಲು ಕಡ್ಡಿಯೇ ಉಳಿದಿರುವುದಿಲ್ಲ.

ಅಷ್ಟಕ್ಕೇ ಮುಗಿಯದು. 2023ರ ಮೇ 18ರ ಮುಂಜಾನೆ ಬಿದ್ದ ಇಬ್ಬನಿಗಡ್ಡೆ ಆ ಸೀಮೆಯ ಎಳೆ ಚಿಗುರುಗಳನ್ನು ಸುಟ್ಟಿತು. ಕಡ್ಡಿಯ ತುದಿಯ ಕಣ್ಣು ಮೊದಲು ಒಡೆದು ಬುಡದವುಗಳನ್ನು ತಡೆಹಿಡಿಯುತ್ತದೆ. ಹಾಗಾಗಿ ಕಡ್ಡಿಯನ್ನು ಮೊದಲು ಉದ್ದ ಬಿಟ್ಟು, ಅಪಾಯ ಕಳೆದ ಮೇಲೆ ತುದಿಯನ್ನು ತೆಗೆಯುವುದುಂಟು. ಮಿನೆಸೋಟಾ ವಿಶ್ವವಿದ್ಯಾಲಯ 2006ರಲ್ಲಿ ಬಿಡುಗಡೆ ಮಾಡಿದ ‘ಮಾರ್ಕೆಟ್’ (Marquette) ಎಂಬ ದ್ರಾಕ್ಷಿ ತಳಿ ರೀಸ್ಲಿಂಗ್‌ಗಿಂತ ಎಷ್ಟೋ ಹೆಚ್ಚಿನ ಚಳಿ ತಾಳುತ್ತದೆ, ಆದರೆ ಬೇಗ ಚಿಗುರುತ್ತದೆ. ಅದಕ್ಕೂ ಈ ಎರಡನೆಯ ಕತ್ತರಿ ಒಳ್ಳೆಯದು.